ಬೆನ್ನಿನ ಲೆಕ್ಕ: ದುಡಿಯುವ ಮೈಯನ್ನು ಅಳೆದವರ ಚರಿತ್ರೆ

ಗಲ್ಫಿನ ಯಾವ ಸೈಟಿಗೆ, ಯಾವ ಗೋದಾಮಿಗೆ ಹೋದರೂ ಗೋಡೆಯ ಮೇಲೆ ಒಂದು ಚಿತ್ರ ಇದ್ದೇ ಇರುತ್ತದೆ. ಎಡಗಡೆ ಒಬ್ಬ ಸೊಂಟ ಬಗ್ಗಿಸಿ ಪೆಟ್ಟಿಗೆ ಎತ್ತುತ್ತಿದ್ದಾನೆ, ಅವನ ಮೇಲೆ ಕೆಂಪು ಕಾಟು. ಬಲಗಡೆ ಇನ್ನೊಬ್ಬ ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟುಕೊಂಡು ಅದೇ ಪೆಟ್ಟಿಗೆ ಎತ್ತುತ್ತಿದ್ದಾನೆ, ಅವನಿಗೆ ಹಸಿರು ಸರಿ ಗುರುತು. ಬೆಳಗ್ಗೆ ಟೂಲ್‌ಬಾಕ್ಸ್ ಟಾಕ್‌ನಲ್ಲಿ ಸೇಫ್ಟಿ ಆಫೀಸರ್ ಹೇಳುವುದೂ ಇದನ್ನೇ. ನಮ್ಮಲ್ಲಿ ಗಾರೆ ಕೆಲಸದವರಿದ್ದಾರೆ, ಡ್ರೈವರುಗಳಿದ್ದಾರೆ, ಲೋಡರುಗಳಿದ್ದಾರೆ, ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವವರೂ ಇದ್ದಾರೆ. ಬೆನ್ನುನೋವು ಅಂದರೇನೆಂದು ಗೊತ್ತಿಲ್ಲದವರು ಮಾತ್ರ ಬಹಳ ಕಡಿಮೆ. ಹಾಗಾಗಿ ಈ ಚಿತ್ರ ಎಲ್ಲಿಂದ ಬಂತು, ಯಾರು ಅಳೆದು ನೋಡಿ ಬರೆದರು, ಅದರಲ್ಲಿ ಎಷ್ಟು ನಿಜ ಎಂದು ಹುಡುಕಿದೆವು. ಹುಡುಕುತ್ತಾ ಹೋದರೆ ಮುನ್ನೂರೈವತ್ತು ವರ್ಷ ಹಿಂದಕ್ಕೆ, ರೋಮ್ ನಗರದ ಒಬ್ಬ ಬಡ ಮೇಷ್ಟರ ಮನೆಗೆ ಹೋಗಿ ನಿಂತೆವು.

ಅವನ ಹೆಸರು ಜಿಯೊವಾನಿ ಬೊರೆಲ್ಲಿ. 1608ರಲ್ಲಿ ನೇಪಲ್ಸ್‌ನಲ್ಲಿ ಹುಟ್ಟಿದವನು, ಮೆಸ್ಸಿನಾ ಮತ್ತು ಪೀಸಾದಲ್ಲಿ ಗಣಿತ ಕಲಿಸಿದವನು. ಕೊನೆಗಾಲದಲ್ಲಿ ಕೈಯಲ್ಲಿ ಕಾಸಿಲ್ಲದೆ ರೋಮ್‌ನ ಕ್ರೈಸ್ತ ಮಠವೊಂದರ ಆಶ್ರಯದಲ್ಲಿ ಹುಡುಗರಿಗೆ ಪಾಠ ಹೇಳಿಕೊಂಡಿದ್ದ. ಸಿಂಹಾಸನ ಬಿಟ್ಟು ರೋಮ್‌ಗೆ ಬಂದಿದ್ದ ಸ್ವೀಡನ್ನಿನ ರಾಣಿ ಕ್ರಿಸ್ಟೀನಾ ಅವನ ಪುಸ್ತಕ ಅಚ್ಚು ಹಾಕಿಸಲು ಒಪ್ಪಿದಳು. ಆದರೆ 1679ರ ಕೊನೆಯ ದಿನ ಅವನು ತೀರಿಕೊಂಡ. ಪುಸ್ತಕ ಹೊರಬಂದದ್ದು ಮುಂದಿನ ಎರಡು ವರ್ಷಗಳಲ್ಲಿ. ಪ್ರಾಣಿಗಳ ಚಲನೆಯನ್ನು ಕುರಿತ ಆ ಲ್ಯಾಟಿನ್ ಪುಸ್ತಕದಲ್ಲಿ ಮನುಷ್ಯನ ಕೈಕಾಲುಗಳನ್ನು ಸನ್ನೆಗೋಲು, ತಕ್ಕಡಿ, ರಾಟೆಗಳ ಜೊತೆ ಇಟ್ಟು ಬರೆದ ಚಿತ್ರಗಳಿವೆ. ಹೊರೆ ಹೊತ್ತು ಬಾಗಿ ನಿಂತ ಮನುಷ್ಯನೂ ಇದ್ದಾನೆ.

ಅಲ್ಲಿಯವರೆಗೆ ಓದಿದವರ ನಂಬಿಕೆ ಏನಿತ್ತೆಂದರೆ, ದೇಹವೆಂಬುದು ದೇವರು ಮಾಡಿದ ಜಾಣ ಯಂತ್ರ, ಸ್ನಾಯು ಸ್ವಲ್ಪ ಬಲ ಹಾಕಿ ದೊಡ್ಡ ಭಾರ ಎತ್ತುತ್ತದೆ ಎಂದು. ಬೊರೆಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದಕ್ಕೆ ಪೂರ್ತಿ ಉಲ್ಟಾ. ಸ್ನಾಯು ಕೀಲಿಗೆ ಬಹಳ ಹತ್ತಿರದಲ್ಲಿ ಅಂಟಿಕೊಂಡಿರುತ್ತದೆ, ಭಾರ ಮಾತ್ರ ಕೈಯ ತುದಿಯಲ್ಲಿ ದೂರ ಇರುತ್ತದೆ. ಹಾರೆ ಹಾಕಿ ಕಲ್ಲು ಮೀಟುವಾಗ ನಾವು ಉದ್ದನೆಯ ತುದಿ ಹಿಡಿಯುತ್ತೇವೆ. ದೇಹದೊಳಗೆ ಸ್ನಾಯುವಿಗೆ ಸಿಗುವುದು ಗಿಡ್ಡ ತುದಿ. ಆದ್ದರಿಂದ ಎತ್ತುವ ಭಾರಕ್ಕಿಂತ ಹಲವು ಪಟ್ಟು ಬಲವನ್ನು ಸ್ನಾಯು ಹಾಕಲೇಬೇಕು.

ಇದನ್ನು ನಮ್ಮ ಬೆನ್ನಿಗೆ ಹಚ್ಚಿ ನೋಡೋಣ. ಲೆಕ್ಕ ಒರಟು, ಆದರೆ ದಾರಿ ಸರಿ. ಬೆನ್ನಿನ ಮುಖ್ಯ ಸ್ನಾಯುಗಳು ಬೆನ್ನುಮೂಳೆಯ ನಡುವಿನಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಇವೆ. 20 ಕಿಲೋ ತೂಕದ ಪೆಟ್ಟಿಗೆಯನ್ನು ಮೂಳೆಯಿಂದ 40 ಸೆಂಟಿಮೀಟರ್ ಮುಂದೆ ಹಿಡಿದಿದ್ದೀರಿ ಎಂದುಕೊಳ್ಳಿ. ದೂರ ಎಂಟು ಪಟ್ಟು, ಹಾಗಾಗಿ ಆ ಪೆಟ್ಟಿಗೆ ಒಂದಕ್ಕೇ ಸ್ನಾಯು 160 ಕಿಲೋದಷ್ಟು ಎಳೆಯಬೇಕು. ಅದರ ಮೇಲೆ ನಿಮ್ಮ ಸ್ವಂತ ತಲೆ, ಎದೆ, ತೋಳುಗಳ ಭಾರವೂ ಮುಂದಕ್ಕೆ ಜೋತು ಬಿದ್ದಿದೆ, ಅದನ್ನೂ ಹಿಡಿದಿಡಬೇಕು. ಎರಡೂ ಸೇರಿ ಸೊಂಟದ ಕೊನೆಯ ಡಿಸ್ಕಿನ ಮೇಲೆ ಬೀಳುವ ಒತ್ತಡ 300 ಕಿಲೋ ಮೀರುತ್ತದೆ. ಅದೇ ಪೆಟ್ಟಿಗೆಯನ್ನು ಹೊಟ್ಟೆಗೆ ಒತ್ತಿ 20 ಸೆಂಟಿಮೀಟರಿಗೆ ತಂದರೆ 160 ಇದ್ದದ್ದು 80ಕ್ಕೆ ಇಳಿಯುತ್ತದೆ. ಪೆಟ್ಟಿಗೆಯ ತೂಕ ಒಂದು ಗ್ರಾಮೂ ಕಡಿಮೆಯಾಗಿಲ್ಲ. ಮೂಟೆಯನ್ನು ಮೈಗೆ ತಾಗಿಸಿಯೇ ಎತ್ತುವ ನಮ್ಮ ಎಪಿಎಂಸಿ ಯಾರ್ಡಿನ ಹಮಾಲಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿಲ್ಲ, ಅವನ ಮೈಗೆ ಗೊತ್ತಿದೆ.

ಬೊರೆಲ್ಲಿಯ ಬಳಿ ಗಣಿತವಿತ್ತು, ಆದರೆ ಓಡುವ ಮೈಯನ್ನು ಹಿಡಿದು ನಿಲ್ಲಿಸಿ ನೋಡುವ ಸಾಧನ ಇರಲಿಲ್ಲ. ಅದಕ್ಕೆ ಫೋಟೋಗ್ರಫಿ ಬರುವ ತನಕ ಎರಡು ನೂರು ವರ್ಷ ಕಾಯಬೇಕಾಯಿತು. ಆಗ ಇಬ್ಬರು ಬಂದರು, ಇಬ್ಬರೂ 1830ರಲ್ಲಿ ಹುಟ್ಟಿ 1904ರಲ್ಲಿ ಸತ್ತವರು. ಒಬ್ಬ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಮೈಬ್ರಿಜ್, ಇನ್ನೊಬ್ಬ ಫ್ರಾನ್ಸಿನ ವೈದ್ಯ ಮರೇ. ಮೈಬ್ರಿಜ್‌ನ ಬದುಕೇ ಒಂದು ಸಿನಿಮಾ. ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದು, ನ್ಯಾಯಾಲಯದಲ್ಲಿ ಬಿಡುಗಡೆಯಾದವನು. ಅದು ಬೇರೆ ಕಥೆ. ರೈಲ್ವೆಯ ಕುಬೇರ ಲೀಲ್ಯಾಂಡ್ ಸ್ಟ್ಯಾನ್‌ಫೋರ್ಡ್‌ಗೆ ತನ್ನ ರೇಸ್ ಕುದುರೆಗಳ ಹುಚ್ಚು. ಓಡುವಾಗ ನಾಲ್ಕೂ ಗೊರಸು ಒಟ್ಟಿಗೆ ನೆಲ ಬಿಡುತ್ತವೆಯೇ ಎಂಬುದು ಅವನ ಪ್ರಶ್ನೆ. 1878ರ ಜೂನ್‌ನಲ್ಲಿ ಪಾಲೋ ಆಲ್ಟೋದ ಓಟದ ಹಾದಿಯಲ್ಲಿ ಮೈಬ್ರಿಜ್ 12 ಕ್ಯಾಮೆರಾ ಸಾಲಾಗಿ ಇಟ್ಟು, ದಾರಿಗೆ ಅಡ್ಡ ದಾರ ಕಟ್ಟಿದ. ಕುದುರೆ ದಾರ ಹರಿದಂತೆಲ್ಲ ಒಂದೊಂದು ಚಿತ್ರ. ನಾಲ್ಕೂ ಗೊರಸು ನೆಲ ಬಿಡುವುದು ನಿಜವಾಗಿತ್ತು. ಆದರೆ ಚಿತ್ರಕಾರರು ಬರೆಯುತ್ತಿದ್ದ ಹಾಗೆ ಕಾಲು ಹಿಂದೆ ಮುಂದೆ ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ. ಸಾವಿರಾರು ವರ್ಷ ಕುದುರೆ ಸಾಕಿದ ಮನುಷ್ಯನ ಕಣ್ಣು ಇದನ್ನು ಕಂಡಿರಲಿಲ್ಲ. ಆಮೇಲೆ ಮೈಬ್ರಿಜ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕುಳಿತು ಮನುಷ್ಯರ ಚಿತ್ರ ತೆಗೆದ. 1887ರಲ್ಲಿ ಬಂದ ಅವನ 781 ಫಲಕಗಳಲ್ಲಿ ಬಡಿಗಲ್ಲಿನ ಮೇಲೆ ಸುತ್ತಿಗೆ ಹೊಡೆಯುವ ಕಮ್ಮಾರರಿದ್ದಾರೆ, ಕ್ರಿಕೆಟ್ ಆಡುವವನೂ ಇದ್ದಾನೆ.

ಮರೇಗೆ ಬೇಕಿದ್ದದ್ದು ಚಿತ್ರವಲ್ಲ, ಅಳತೆ. 1882ರಲ್ಲಿ ಅವನು ಬಂದೂಕಿನ ಆಕಾರದ ಕ್ಯಾಮೆರಾ ಮಾಡಿದ. ಗುರಿಯಿಟ್ಟು ಕುದುರೆ ಎಳೆದರೆ ಹಾರುವ ಹಕ್ಕಿಯ 12 ಚಿತ್ರಗಳು ಒಂದು ಸೆಕೆಂಡಿನಲ್ಲಿ ಬೀಳುತ್ತಿದ್ದವು. ಆಮೇಲೆ ಮನುಷ್ಯನಿಗೆ ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ ತೊಡಿಸಿ, ತೋಳು ಕಾಲುಗಳ ಉದ್ದಕ್ಕೆ ಬಿಳಿ ಪಟ್ಟಿ, ಕೀಲುಗಳಿಗೆ ಬಿಳಿ ಚುಕ್ಕೆ ಅಂಟಿಸಿ, ಕಪ್ಪು ಗೋಡೆಯ ಮುಂದೆ ಓಡಿಸಿದ. ಫೋಟೋದಲ್ಲಿ ಮನುಷ್ಯ ಮಾಯ, ಬರೀ ಗೆರೆಗಳು ಉಳಿದವು. ಈಗ ಸಿನಿಮಾದವರೂ ಕ್ರಿಕೆಟ್ ಲ್ಯಾಬಿನವರೂ ಮೈಗೆ ಹೊಳೆಯುವ ಗುಂಡು ಅಂಟಿಸಿ ಮಾಡುವುದು ಇದನ್ನೇ. ಪಾದ ನೆಲವನ್ನು ಎಷ್ಟು ಒತ್ತುತ್ತದೆ ಎಂದು ಅಳೆಯುವ ಹಲಗೆಯನ್ನೂ ಮರೇ ಮತ್ತು ಅವನ ಸಹಾಯಕ ದೆಮೆನಿ ಮಾಡಿದ್ದರು. ಫ್ರಾನ್ಸ್ ಆಗತಾನೆ ಜರ್ಮನರಿಂದ ಯುದ್ಧದಲ್ಲಿ ಸೋತಿತ್ತು. ಸೈನಿಕ ದಣಿಯದೆ ಹೆಚ್ಚು ದೂರ ನಡೆಯುವುದು ಹೇಗೆ ಎಂಬುದು ಸರ್ಕಾರಕ್ಕೆ ಬೇಕಾದ ಉತ್ತರ. ಪ್ಯಾರಿಸ್ಸಿನ ಹೊರವಲಯದಲ್ಲಿ ಮರೇಗೆ ಜಾಗ, ಹಣ ಸಿಕ್ಕಿದ್ದು ಈ ಕಾಲದಲ್ಲಿ.

ಗೆದ್ದ ಜರ್ಮನಿಯಲ್ಲೂ ಅದೇ ಪ್ರಶ್ನೆ. ಲೈಪ್‌ಜಿಗ್‌ನ ಅಂಗರಚನಾ ತಜ್ಞ ಬ್ರೌನ ಮತ್ತು ಗಣಿತಜ್ಞ ಫಿಷರ್ ಸೇರಿ 1889ರಲ್ಲಿ ಮನುಷ್ಯನ ದೇಹದ ಗುರುತ್ವ ಕೇಂದ್ರ ಎಲ್ಲಿದೆ ಎಂದು ಪ್ರಕಟಿಸಿದರು. ಹೆಪ್ಪುಗಟ್ಟಿಸಿದ ಹೆಣಗಳಿಗೆ ಉಕ್ಕಿನ ಸರಳು ಚುಚ್ಚಿ, ತೂಗು ಹಾಕಿ ಕಂಡುಕೊಂಡದ್ದು ಅದು. ಪುಸ್ತಕದ ಹೆಸರಿನಲ್ಲೇ ಜರ್ಮನ್ ಕಾಲಾಳಿನ ಸಾಮಾನು ಹೊರೆಯ ಮಾತಿದೆ. ಎರಡು ವರ್ಷದ ನಂತರ ಒಬ್ಬ ಸೈನಿಕನ ಮೈಗೆಲ್ಲ ತೆಳುವಾದ ಗಾಜಿನ ವಿದ್ಯುತ್ ಕೊಳವೆ ಕಟ್ಟಿ ಕತ್ತಲಲ್ಲಿ ನಡೆಸಿ ಫೋಟೋ ತೆಗೆದರು. ಕಟ್ಟಲು ಗಂಟೆಗಟ್ಟಲೆ, ನಡೆಯಲು ಕೆಲವೇ ನಿಮಿಷ. ಲೆಕ್ಕ ಮಾಡಿ ಮುಗಿಸಲು? ಬ್ರೌನ 1892ರಲ್ಲಿ ತೀರಿಕೊಂಡ. ಫಿಷರ್ ಒಬ್ಬನೇ ಕುಳಿತು ಕೊನೆಯ ಭಾಗ ಪ್ರಕಟಿಸಿದ್ದು 1904ರಲ್ಲಿ. ಮನುಷ್ಯ ಹಾಕುವ ಎರಡು ಹೆಜ್ಜೆಗೆ ಹತ್ತು ವರ್ಷಕ್ಕೂ ಹೆಚ್ಚಿನ ಕೈಲೆಕ್ಕ.

ಕುದುರೆ ಆಯಿತು, ಸೈನಿಕ ಆಯಿತು. ಮುಂದಿನ ಸರದಿ ಕೂಲಿಯವನದು. ನಮ್ಮ ಓದುಗರಿಗೆ ಹತ್ತಿರದ ಭಾಗ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.

1899ರಲ್ಲಿ ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡ್ರಿಕ್ ಟೇಲರ್ ಎಂಬ ಇಂಜಿನಿಯರ್ ಇದ್ದ. ಅಲ್ಲಿ ಬೀಡುಕಬ್ಬಿಣದ ಗಟ್ಟಿಗಳನ್ನು ರೈಲಿನ ವ್ಯಾಗನ್‌ಗೆ ಹೊತ್ತು ಹಾಕುವ ಕೆಲಸ. ಒಂದೊಂದು ಗಟ್ಟಿ ಸುಮಾರು 42 ಕಿಲೋ. ಒಬ್ಬ ಆಳು ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದ, ಕೂಲಿ 1 ಡಾಲರ್ 15 ಸೆಂಟ್. ಟೇಲರ್ ಗಡಿಯಾರ ಹಿಡಿದು ನಿಂತು, ಎತ್ತು, ನಡೆ, ಕೂರು, ಎತ್ತು ಎಂದು ಹೇಳಿದ ಹಾಗೆ ಮಾಡಿಸಿ ಒಬ್ಬನಿಂದ 47 ಟನ್ ಹೊರಿಸಿದ ಎಂದು ತಾನೇ ಬರೆದುಕೊಂಡಿದ್ದಾನೆ. ಅಂದರೆ ದಿನಕ್ಕೆ ಸಾವಿರದ ನೂರಕ್ಕೂ ಹೆಚ್ಚು ಸಲ 42 ಕಿಲೋ ಎತ್ತಬೇಕು. ಕೂಲಿ 1 ಡಾಲರ್ 85 ಸೆಂಟ್‌ಗೆ ಏರಿತು. ಕೆಲಸ ಹೆಚ್ಚು ಕಡಿಮೆ ನಾಲ್ಕು ಪಟ್ಟು, ಸಂಬಳ ನೂರಕ್ಕೆ ಅರವತ್ತು ಹೆಚ್ಚು. ಓವರ್‌ಟೈಮ್ ಲೆಕ್ಕ ಬಲ್ಲ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಟೇಲರ್ ಕೊಟ್ಟ ಅಂಕಿಗಳನ್ನು ಆಮೇಲಿನ ಇತಿಹಾಸಕಾರರು ಪೂರ್ತಿ ನಂಬಿಲ್ಲ. ಆದರೂ ಅವನ 1911ರ ಪುಸ್ತಕ ಜಗತ್ತಿನ ಕಾರ್ಖಾನೆಗಳನ್ನೇ ಬದಲಿಸಿತು.

ಆ ಕೂಲಿಯವನ ನಿಜವಾದ ಹೆಸರು ಹೆನ್ರಿ ನೋಲ್. ಟೇಲರ್ ಅವನನ್ನು ಸ್ಮಿಟ್ ಎಂದು ಕರೆದ. ಇಂಥ ಕೆಲಸಕ್ಕೆ ಬುದ್ಧಿಯಲ್ಲಿ ಎತ್ತಿಗೆ ಹತ್ತಿರವಾದವನೇ ಸರಿ ಎಂಬರ್ಥದ ಮಾತನ್ನೂ ಬರೆದ. ಅದೇ ಪುಸ್ತಕದಲ್ಲಿ ಟೇಲರ್ ಇನ್ನೊಂದು ಸಂಗತಿ ಹೇಳಿಬಿಡುತ್ತಾನೆ: ಈ ಮನುಷ್ಯ ಒಂದು ತುಂಡು ಜಾಗ ಕೊಂಡು, ಬೆಳಗ್ಗೆ ಕೆಲಸಕ್ಕೆ ಬರುವ ಮೊದಲು ಮತ್ತು ಸಂಜೆ ಬಿಟ್ಟ ಮೇಲೆ ತನ್ನ ಪುಟ್ಟ ಮನೆಯ ಗೋಡೆ ಎಬ್ಬಿಸುತ್ತಿದ್ದ. ಊರಲ್ಲಿ ಒಂದೊಂದೇ ಕೋಣೆ ಸೇರಿಸಿಕೊಂಡು ಮನೆ ಕಟ್ಟಿಸುತ್ತಿರುವ ನಮ್ಮ ಜನಕ್ಕೆ ಅವನ ಬುದ್ಧಿ ಎಂಥದೆಂದು ಅರ್ಥವಾಗುತ್ತದೆ. ಟೇಲರ್‌ಗೆ ಆಗಲಿಲ್ಲ.

ಟೇಲರ್‌ನ ಜೊತೆ ಹೆಸರು ಕೇಳಿಬರುವ ಫ್ರಾಂಕ್ ಗಿಲ್‌ಬ್ರೆತ್ ಬೇರೆ ಜಾತಿಯ ಮನುಷ್ಯ ಎಂದು ನಮ್ಮ ಅಭಿಪ್ರಾಯ. ಅವನು 17ನೇ ವಯಸ್ಸಿಗೆ ಬೋಸ್ಟನ್‌ನಲ್ಲಿ ಇಟ್ಟಿಗೆ ಕಟ್ಟುವವರ ಕೈಕೆಳಗೆ ಸಹಾಯಕನಾಗಿ ಸೇರಿದವನು, ಕರಣೆ ಹಿಡಿದೇ ಮೇಲೆ ಬಂದವನು. ಅಲ್ಲಿ ಒಂದು ವಿಚಿತ್ರ ಕಂಡ. ಇಬ್ಬರು ಮೇಸ್ತ್ರಿಗಳು ಒಂದೇ ಥರ ಇಟ್ಟಿಗೆ ಇಡುವುದಿಲ್ಲ. ಅಷ್ಟೇ ಅಲ್ಲ, ಒಬ್ಬನೇ ಮೇಸ್ತ್ರಿ ಅವಸರದಲ್ಲಿ ಒಂದು ರೀತಿ, ನಿಧಾನದಲ್ಲಿ ಒಂದು ರೀತಿ, ಹುಡುಗನಿಗೆ ಕಲಿಸುವಾಗ ಮೂರನೇ ರೀತಿ ಇಡುತ್ತಾನೆ. ಗಿಲ್‌ಬ್ರೆತ್ ಒಂದೊಂದು ಚಲನೆಯನ್ನೂ ಎಣಿಸಿದ. ಒಂದು ಇಟ್ಟಿಗೆಗೆ 18 ಚಲನೆ. ಅದರಲ್ಲಿ ದೊಡ್ಡದು ಬಗ್ಗುವುದು. ಎರಡು ಕಿಲೋ ಇಟ್ಟಿಗೆ ಎತ್ತಲು ಮೇಸ್ತ್ರಿ ತನ್ನ ಅರ್ಧ ಮೈಯನ್ನು ದಿನಕ್ಕೆ ಸಾವಿರ ಸಲ ಇಳಿಸಿ ಏರಿಸುತ್ತಿದ್ದಾನೆ! ಗಿಲ್‌ಬ್ರೆತ್ ಗೋಡೆ ಏರಿದ ಹಾಗೆ ಏರಿಸಬಹುದಾದ ಸಾರುವೆ ಮಾಡಿಸಿದ. ಇಟ್ಟಿಗೆ ಮತ್ತು ಗಾರೆ ಸೊಂಟದ ಮಟ್ಟಕ್ಕೆ ಬಂದವು. ಇಟ್ಟಿಗೆಯ ಒಳ್ಳೆಯ ಮುಖ ಒಂದೇ ಕಡೆಗಿರುವಂತೆ ಸಹಾಯಕ ಮೊದಲೇ ಜೋಡಿಸಿ ಕೊಡಬೇಕು. ಗಾರೆಯ ಹದ ಸರಿಯಿದ್ದರೆ ಕರಣೆಯಿಂದ ಕುಟ್ಟುವ ಕೆಲಸ ತಪ್ಪಿತು. 18 ಚಲನೆ 5ಕ್ಕೆ ಇಳಿಯಿತು. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದವನು 350 ಇಟ್ಟ.

ಗಮನಿಸಬೇಕಾದ್ದು ಏನೆಂದರೆ, ಗಿಲ್‌ಬ್ರೆತ್ ಮೇಸ್ತ್ರಿಗೆ ಸರಿಯಾಗಿ ಬಗ್ಗು ಎಂದು ಹೇಳಲಿಲ್ಲ. ಬಗ್ಗುವ ಕೆಲಸವನ್ನೇ ತೆಗೆದು ಹಾಕಿದ. ಇಟ್ಟಿಗೆ ಕೆಲಸದವರ ಸಂಘಗಳು ಹೀಗಿದ್ದೂ ಅವನನ್ನು ವಿರೋಧಿಸಿದವು. ಮೂರು ಪಟ್ಟು ಕೆಲಸವಾದರೆ ಮೂವರಲ್ಲಿ ಇಬ್ಬರು ಮನೆಗೆ ಹೋಗುತ್ತಾರೆ ಎಂಬ ಹೆದರಿಕೆ ಸುಳ್ಳಾಗಿರಲಿಲ್ಲ. ಅವನ ಹೆಂಡತಿ ಲಿಲಿಯನ್ ಮನಶ್ಶಾಸ್ತ್ರ ಓದಿದವಳು, ಹನ್ನೆರಡು ಮಕ್ಕಳ ತಾಯಿ. ಇಬ್ಬರೂ ಸೇರಿ ಕೆಲಸಗಾರರ ಬೆರಳಿಗೆ ಸಣ್ಣ ಬಲ್ಬು ಕಟ್ಟಿ, ಕೈ ಓಡುವ ದಾರಿಯನ್ನು ಫೋಟೋದಲ್ಲಿ ಬೆಳಕಿನ ಗೆರೆಯಾಗಿ ಹಿಡಿದರು. 1924ರಲ್ಲಿ ಅವನು ತೀರಿಕೊಂಡ ಮೇಲೆ ಆಕೆ ಅದೇ ಕಣ್ಣನ್ನು ಅಡುಗೆಮನೆಗೆ ತಿರುಗಿಸಿದಳು. ಕಾಲಿನಿಂದ ಒತ್ತಿ ತೆರೆಯುವ ಕಸದ ಡಬ್ಬಿ ಆಕೆಯ ಹೆಸರಿಗೆ ಸೇರಿದ್ದು.

ಅದೇ ಬಲ್ಬಿನ ಉಪಾಯ ಮಾಸ್ಕೋದಲ್ಲಿ ಬೇರೆಯೇ ಸತ್ಯ ಹೇಳಿತು. ಕ್ರಾಂತಿಯ ನಂತರ ಗಾಸ್ತೆವ್ ಎಂಬ ಕವಿ ಅಲ್ಲಿ ಶ್ರಮದ ಕೇಂದ್ರ ಸಂಸ್ಥೆ ಕಟ್ಟಿದ್ದ. ಟೇಲರ್ ಅವನಿಗೆ ಗುರು. ಅಲ್ಲಿಗೆ 1922ರಲ್ಲಿ ಬಂದ ಯುವ ವೈದ್ಯ ನಿಕೊಲಾಯ್ ಬರ್ನ್‌ಸ್ಟೈನ್. ಉಳಿ ಮೇಲೆ ಸುತ್ತಿಗೆ ಹೊಡೆಯುವ ಕೆಲಸಗಾರನ ಸರಿಯಾದ ಚಲನೆ ಯಾವುದು ಎಂದು ಕಂಡುಹಿಡಿದು, ಎಲ್ಲರಿಗೂ ಅದನ್ನೇ ಕಲಿಸುವುದು ಉದ್ದೇಶ. ಬರ್ನ್‌ಸ್ಟೈನ್ ಭುಜ, ಮೊಣಕೈ, ಮಣಿಕಟ್ಟು, ಸುತ್ತಿಗೆಗೆ ಬಲ್ಬು ಕಟ್ಟಿ ನೋಡಿದ. ನುರಿತ ಕೈಯವನ ಸುತ್ತಿಗೆ ಪ್ರತಿ ಸಲವೂ ಅದೇ ಜಾಗಕ್ಕೆ ಬೀಳುತ್ತಿತ್ತು. ಆದರೆ ಭುಜ, ಮೊಣಕೈ ಪ್ರತಿ ಸಲವೂ ಸ್ವಲ್ಪ ಬೇರೆ ದಾರಿ ಹಿಡಿಯುತ್ತಿದ್ದವು. ಒಂದು ಕೀಲು ತಪ್ಪಿದ್ದನ್ನು ಇನ್ನೊಂದು ಸರಿಮಾಡಿಕೊಳ್ಳುತ್ತಿತ್ತು. ಹಾಗಾದರೆ ಸರಿಯಾದ ಚಲನೆ ಎಂಬುದು ಅಚ್ಚು ಹಾಕಿದ ಒಂದೇ ಗೆರೆ ಅಲ್ಲ. ಕೌಶಲ ಎಂದರೆ ಅದೇ ಚಲನೆಯನ್ನು ಮರುಕಳಿಸುವುದಲ್ಲ, ಅದೇ ಸಮಸ್ಯೆಯನ್ನು ಪ್ರತಿ ಸಲ ಹೊಸದಾಗಿ ಬಿಡಿಸುವುದು. ಎತ್ತು, ನಡೆ, ಕೂರು ಎಂದ ಟೇಲರ್‌ನ ತತ್ವದ ಬುಡಕ್ಕೇ ಇದು ಕೊಡಲಿ. ಗಾಸ್ತೆವ್ ಸ್ಟಾಲಿನ್ ಕಾಲದಲ್ಲಿ ಬಂಧನಕ್ಕೊಳಗಾಗಿ ಗುಂಡಿಗೆ ಬಲಿಯಾದ. ಬರ್ನ್‌ಸ್ಟೈನ್‌ಗೆ 1948ರಲ್ಲಿ ಸ್ಟಾಲಿನ್ ಪ್ರಶಸ್ತಿಯೇ ಬಂತು, ಎರಡೇ ವರ್ಷದಲ್ಲಿ ಪಾವ್ಲೋವ್‌ನನ್ನು ವಿರೋಧಿಸಿದ ಎಂಬ ಆರೋಪದ ಮೇಲೆ ಪ್ರಯೋಗಾಲಯವೂ ಹೋಯಿತು. ಹೊರಜಗತ್ತು ಅವನನ್ನು ಸರಿಯಾಗಿ ಓದಿದ್ದು 1966ರಲ್ಲಿ ಅವನು ಸತ್ತ ಮೇಲೆ.

ಇಪ್ಪತ್ತನೇ ಶತಮಾನದ ಎರಡನೇ ಅರ್ಧದಲ್ಲಿ ಈ ವಿದ್ಯೆ ಬಯೋಮೆಕ್ಯಾನಿಕ್ಸ್ ಎಂಬ ಹೆಸರಿನಲ್ಲಿ ವಿಶ್ವವಿದ್ಯಾಲಯಗಳಿಗೆ ಬಂತು, ಜೊತೆಗೆ ಆಟದ ಮೈದಾನಕ್ಕೂ. ರಜೆಯ ದಿನ ಮರಳಿನ ಬಯಲಲ್ಲಿ ಟೆನ್ನಿಸ್ ಬಾಲ್ ಕ್ರಿಕೆಟ್ ಆಡುವ ನಮ್ಮ ಹುಡುಗರಿಗಾಗಿ ವೇಗದ ಬೌಲರ್‌ಗಳ ಕಥೆಯನ್ನೇ ಹೇಳೋಣ. ಓಡಿ ಬಂದು ಮುಂದಿನ ಕಾಲು ಊರಿದ ಕ್ಷಣದಲ್ಲಿ ನೆಲ ಬೌಲರ್‌ನ ಮೈಯನ್ನು ಅವನ ತೂಕದ ಸುಮಾರು ಐದು ಪಟ್ಟು ಬಲದಿಂದ ತಳ್ಳುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಂಡೂ ಇರುತ್ತದೆ. 1973ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಆಸ್ಟ್ರೇಲಿಯಾದ ಡೆನಿಸ್ ಲಿಲ್ಲಿ ಅವರ ಸೊಂಟದ ಮೂಳೆಯಲ್ಲಿ ಬಿರುಕು ಬಿಟ್ಟಿತು. ಪ್ಲಾಸ್ಟರ್ ಹಾಕಿ ಮಲಗಿಸಿದರು. ಕಥೆ ಮುಗಿಯಿತು ಎಂದರು. ಪರ್ತ್‌ನ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಫ್ರಾಂಕ್ ಪೈಕ್ ಅವರನ್ನು ತಯಾರು ಮಾಡಿ 1974ರ ಆಷಸ್‌ಗೆ ವಾಪಸ್ ಕಳಿಸಿದರು. ಅದೇ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಎಲಿಯಟ್, ಡ್ಯಾರಿಲ್ ಫಾಸ್ಟರ್ ಮುಂತಾದವರು 1980ರ ದಶಕದಲ್ಲಿ ಎಳೆಯ ಬೌಲರ್‌ಗಳನ್ನು ಕ್ಯಾಮೆರಾ ಇಟ್ಟು ನೋಡಿದರು. ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ಇರುವ ಬೆರಕೆ ಶೈಲಿಯವರ ಬೆನ್ನು ಹೆಚ್ಚು ಕೆಡುತ್ತದೆ ಎಂದು ಕಂಡಿತು. ಇನ್ನೊಂದು ಕಾರಣ ಸರಳ, ಅತಿಯಾಗಿ ಎಸೆಯುವುದು. ಆಸ್ಟ್ರೇಲಿಯಾದ ಕ್ರಿಕೆಟ್ ಮಂಡಳಿ ವಯಸ್ಸಿಗೆ ತಕ್ಕಂತೆ ಓವರ್‌ಗಳ ಮಿತಿ ಹಾಕಿತು. ಹಾಗೆಂದು ಬಿರುಕು ನಿಂತಿಲ್ಲ. ನಮ್ಮ ಬೆಂಗಳೂರಿನ ಪ್ರಸಿದ್ಧ ಕೃಷ್ಣ ಅವರು 2023ರ ಐಪಿಎಲ್ ಪೂರ್ತಿ ಆಡದೆ ಕುಳಿತದ್ದು ಇದೇ ಸೊಂಟದ ಬಿರುಕಿನಿಂದ.

ಮುರಳೀಧರನ್ ಅವರ ಮೊಣಕೈಯ ಗಲಾಟೆ ಎಲ್ಲರಿಗೂ ಗೊತ್ತು. 1995ರ ಬಾಕ್ಸಿಂಗ್ ಡೇ ಟೆಸ್ಟ್‌ನಲ್ಲಿ ಅಂಪೈರ್ ಡ್ಯಾರೆಲ್ ಹೇರ್ ಏಳು ಸಲ ನೋಬಾಲ್ ಕೂಗಿದರು. ಪರ್ತ್ ಮತ್ತು ಹಾಂಗ್‌ಕಾಂಗ್ ಲ್ಯಾಬುಗಳು ಅಳೆದು, ಹುಟ್ಟಿನಿಂದಲೇ ಆ ಕೈ ಪೂರ್ತಿ ನೆಟ್ಟಗಾಗುವುದಿಲ್ಲ, ಕಣ್ಣಿಗೆ ಎಸೆತದಂತೆ ಕಾಣುವುದು ಭ್ರಮೆ ಎಂದವು. 2004ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಎಲ್ಲ ಬೌಲರ್‌ಗಳ ಚಿತ್ರ ತೆಗೆದು ನೋಡಿದರೆ, ಯಾರೂ ದೂರದ ಮಡಿವಂತರೆಂದುಕೊಂಡಿದ್ದ ಬೌಲರ್‌ಗಳ ಮೊಣಕೈಯೂ ಸ್ವಲ್ಪ ಸ್ವಲ್ಪ ನೆಟ್ಟಗಾಗುತ್ತಿತ್ತು! ಕೊನೆಗೆ 15 ಡಿಗ್ರಿಯ ನಿಯಮ ಬಂದದ್ದು 2005ರಲ್ಲಿ. ಐಸಿಸಿ ತನ್ನ ಕಚೇರಿಯನ್ನು ಲಂಡನ್‌ನಿಂದ ದುಬೈಗೆ ತಂದದ್ದೂ ಅದೇ ವರ್ಷ. ಮೈಬ್ರಿಜ್‌ನ ಕುದುರೆಯಂತೆಯೇ ಇಲ್ಲೂ ಕಣ್ಣು ಸೋತಿತ್ತು.

ಕರಾವಳಿಯ ಗೆಳೆಯರು ಕಂಬಳ ಬಿಟ್ಟರೆಂದು ಬೇಸರಿಸಬಾರದಲ್ಲ. 2020ರ ಫೆಬ್ರವರಿಯಲ್ಲಿ ಐಕಳದ ಕೆಸರುಗದ್ದೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಪತ್ರಿಕೆಗಳು ಭಾಗಾಕಾರ ಮಾಡಿ 100 ಮೀಟರಿಗೆ 9.55 ಎಂದು ಬೋಲ್ಟ್‌ನ ಪಕ್ಕ ನಿಲ್ಲಿಸಿದವು. ಬಯೋಮೆಕ್ಯಾನಿಕ್ಸ್ ಹೇಳುವುದು ಬೇರೆ. ಓಟದ ವೇಗ ನಿರ್ಧಾರವಾಗುವುದು ಕಾಲನ್ನು ಎಷ್ಟು ಬೇಗ ಆಡಿಸುತ್ತೀರಿ ಎಂಬುದರಿಂದ ಅಲ್ಲ, ಪಾದ ನೆಲದಲ್ಲಿರುವ ಅತಿ ಚಿಕ್ಕ ಸಮಯದಲ್ಲಿ ಎಷ್ಟು ಬಲವಾಗಿ ಒದೆಯುತ್ತೀರಿ ಎಂಬುದರಿಂದ. ಕಂಬಳದಲ್ಲಿ ಮುಂದೆ ಎರಡು ಕೋಣಗಳು ಎಳೆಯುತ್ತಿರುತ್ತವೆ. ಅದು ಕಡಿಮೆ ಸಾಹಸ ಎಂದಲ್ಲ. ಕೆಸರಿನಲ್ಲಿ, ಬರಿಗಾಲಲ್ಲಿ, ಕೋಣದ ವೇಗಕ್ಕೆ ಬೀಳದೆ ಓಡುವುದು ಬೋಲ್ಟ್‌ಗೆ ಬಾರದ ವಿದ್ಯೆ. ಗೌಡರು ಟ್ರ್ಯಾಕಿನ ಪರೀಕ್ಷೆಗೆ ಒಲ್ಲೆನೆಂದದ್ದು ಸರಿಯಾಗಿಯೇ ಇತ್ತು.

ಇನ್ನು ನಮ್ಮ ಗೋಡೆಯ ಚಿತ್ರಕ್ಕೆ ಬರೋಣ. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ಮೂಳೆ ವೈದ್ಯ ಬದುಕಿರುವ ಮನುಷ್ಯರ ಬೆನ್ನಿನ ಡಿಸ್ಕಿಗೆ ಸೂಜಿ ಚುಚ್ಚಿ ಒಳಗಿನ ಒತ್ತಡವನ್ನೇ ಅಳೆದ. ನಿಂತಾಗ 100 ಎಂದುಕೊಂಡರೆ ಮಲಗಿದಾಗ ಅದರ ಕಾಲುಭಾಗ, ಮುಂದಕ್ಕೆ ಬಗ್ಗಿದಾಗ 150, ಕುಳಿತು ಬಗ್ಗಿದಾಗ ಇನ್ನೂ ಹೆಚ್ಚು. ಬೊರೆಲ್ಲಿ ಕಾಗದದಲ್ಲಿ ಕಂಡದ್ದು ಈಗ ಮೀಟರಿನಲ್ಲಿ ಕಂಡಿತು. ಕುಳಿತಿರುವುದು ನಿಲ್ಲುವುದಕ್ಕಿಂತ ಕೆಟ್ಟದ್ದು ಎಂಬ ಅವನ ಮಾತನ್ನು 1990ರ ದಶಕದ ಜರ್ಮನ್ ಅಳತೆ ಅಷ್ಟಾಗಿ ಒಪ್ಪಲಿಲ್ಲ. ಒರಗಿ ಆರಾಮಾಗಿ ಕೂತರೆ ಒತ್ತಡ ಕಡಿಮೆಯೇ ಇತ್ತು. ಬಗ್ಗಿ ಎತ್ತುವ ವಿಷಯದಲ್ಲಿ ಮಾತ್ರ ಯಾರಿಗೂ ಅನುಮಾನ ಉಳಿಯಲಿಲ್ಲ.

ಇದರ ಮೇಲೆ ಅಮೆರಿಕದ ಸರ್ಕಾರಿ ಸಂಸ್ಥೆ ನಿಯಾಷ್ 1981ರಲ್ಲಿ ಭಾರ ಎತ್ತುವುದಕ್ಕೆ ಒಂದು ಸೂತ್ರ ಮಾಡಿತು, 1991ರಲ್ಲಿ ಅದನ್ನು ತಿದ್ದಿತು. ತಿದ್ದಿದ ಸೂತ್ರದಲ್ಲಿ ಎಲ್ಲವೂ ಅನುಕೂಲವಾಗಿದ್ದರೆ ಎತ್ತಬಹುದಾದ ಗರಿಷ್ಠ ತೂಕ 23 ಕಿಲೋ. ಎಲ್ಲವೂ ಅಂದರೆ: ಭಾರ ಮೈಗೆ ಹತ್ತಿರ, ಎತ್ತುವ ಜಾಗ ಸುಮಾರು ಕೈ ಜೋತಾಡುವ ಎತ್ತರ, ಮೈ ತಿರುಚಬಾರದು, ಹಿಡಿ ಚೆನ್ನಾಗಿರಬೇಕು, ಮೇಲಿಂದ ಮೇಲೆ ಎತ್ತಬಾರದು. ಇವುಗಳಲ್ಲಿ ಒಂದೊಂದು ತಪ್ಪಿದಂತೆ 23 ಇನ್ನೂ ಕೆಳಗೆ ಇಳಿಯುತ್ತದೆ. ನೆಲದಿಂದ, ದೂರದಿಂದ, ತಿರುಗಿ, ನಿಮಿಷಕ್ಕೆ ಹಲವು ಸಲ ಎತ್ತುವುದಾದರೆ ಕೆಲವೇ ಕಿಲೋ ಉಳಿಯುತ್ತದೆ. ನಮ್ಮ ಸಿಮೆಂಟ್ ಚೀಲ 50 ಕಿಲೋ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಗಂಡಾಳಿಗೆ ಸೂಚಿಸಿದ ಮಿತಿ 55 ಕಿಲೋ ಇತ್ತು. ಚೀಲ ಅದರೊಳಗೆ ಕೂರುತ್ತದೆ, ನಿಯಾಷ್ ಸೂತ್ರದೊಳಗೆ ಕೂರುವುದಿಲ್ಲ. ಬ್ರಿಟನ್ನಿನ ಅಂಗಡಿಗಳಲ್ಲಿ ಈಗ ಸಿಗುವುದು 25 ಕಿಲೋದ ಚೀಲ.

ಈ ಸೂತ್ರದಲ್ಲಿ ಮಂಡಿ ಮಡಿಸು ಎಂಬ ಮಾತೇ ಇಲ್ಲ. ತೂಕ, ದೂರ, ಎತ್ತರ, ತಿರುಗುವಿಕೆ, ಎಷ್ಟು ಸಲ, ಹಿಡಿ. ಇವೆಲ್ಲ ಕೆಲಸ ಕೊಡುವವನ ಕೈಯಲ್ಲಿರುವ ಸಂಗತಿಗಳು. ಗೋಡೆಗೆ ಬಂದದ್ದು ಮಾತ್ರ ಕೆಲಸಗಾರನ ಮಂಡಿ. ಸರಿಯಾಗಿ ಎತ್ತುವುದನ್ನು ಕಲಿಸುವ ತರಬೇತಿಯಿಂದ ಬೆನ್ನುನೋವು ಕಡಿಮೆಯಾಗಿದೆಯೇ ಎಂದು ಸಂಶೋಧಕರು ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಉತ್ತರ, ತರಬೇತಿಯಿಂದ ತಡೆಯಾದ ಪುರಾವೆ ಇಲ್ಲ ಎಂದು. ಕಾರಣ ಊಹಿಸುವುದು ಕಷ್ಟವಲ್ಲ. ದೊಡ್ಡ ಪೆಟ್ಟಿಗೆ ಮಂಡಿಯ ನಡುವೆ ಹೋಗುವುದಿಲ್ಲ. ಮಂಡಿ ಮಡಿಸಿದರೆ ಪೆಟ್ಟಿಗೆ ಇನ್ನೂ ಮುಂದೆ ಹೋಗುತ್ತದೆ, ಬೊರೆಲ್ಲಿಯ ಸನ್ನೆಗೋಲು ಇನ್ನೂ ಉದ್ದವಾಗುತ್ತದೆ. ದಿನಕ್ಕೆ ಐನೂರು ಸಲ ಕುಕ್ಕರಗಾಲಲ್ಲಿ ಕೂತು ಏಳಲು ತೊಡೆಗೂ ಶಕ್ತಿ ಸಾಲುವುದಿಲ್ಲ. ಹಾಗೆಂದು ಚಿತ್ರ ಸುಳ್ಳು ಎನ್ನುವುದಿಲ್ಲ, ಮಂಡಿ ಮಡಿಸಬಹುದಾದ ಕಡೆ ಮಡಿಸಿ, ತಿರುಚುವುದನ್ನು ಬಿಡಿ, ಭಾರವನ್ನು ಮೈಗೆ ಒತ್ತಿ ಹಿಡಿಯಿರಿ. ಆದರೆ ಬೆನ್ನು ಕೆಟ್ಟವನಿಗೆ ನೀನು ಸರಿಯಾಗಿ ಎತ್ತಲಿಲ್ಲ ಎಂದು ಹೇಳಲು ಆ ಚಿತ್ರ ಸಾಕ್ಷಿಯಾಗಲಾರದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ನಮ್ಮ ಅಜ್ಜಿಯರು ಸಿಂಬಿ ಇಟ್ಟು ಕೊಡದ ಮೇಲೆ ಕೊಡ ಹೊರಲಿಲ್ಲವೇ? ಹೊತ್ತರು. 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಕೆನ್ಯಾದ ಲುವೋ ಮತ್ತು ಕಿಕುಯು ಹೆಂಗಸರ ಅಧ್ಯಯನ ಬಂತು. ತಮ್ಮ ತೂಕದ ಐದನೇ ಒಂದು ಭಾಗದವರೆಗೆ ಹೊತ್ತು ನಡೆದರೂ ಅವರು ಹೆಚ್ಚಿನ ಆಮ್ಲಜನಕ ಬಳಸಲಿಲ್ಲ. 2005ರಲ್ಲಿ ನೇಪಾಳದ ಪೋರ್ಟರ್‌ಗಳನ್ನು ನೋಡಿದಾಗ, ಹೆಚ್ಚು ಕಡಿಮೆ ತಮ್ಮಷ್ಟೇ ತೂಕ ಹೊತ್ತು ಬೆಟ್ಟ ಹತ್ತುವ ಅವರು ಬಹಳ ನಿಧಾನ ನಡೆದು, ಮತ್ತೆ ಮತ್ತೆ ಊರುಗೋಲಿನ ಮೇಲೆ ಹೊರೆ ಇಳಿಸಿ ನಿಲ್ಲುತ್ತಿದ್ದರು. ನಿಲ್ಲುವುದು ಯಾವಾಗ ಎಂದು ಅವರೇ ತೀರ್ಮಾನಿಸುತ್ತಿದ್ದರು ಎಂಬುದನ್ನು ನಾವು ಗುರುತು ಹಾಕಿಕೊಂಡೆವು. ಈ ಅಧ್ಯಯನಗಳು ಅಳೆದದ್ದು ಉಸಿರನ್ನು, ಕತ್ತಿನ ಮೂಳೆಯನ್ನಲ್ಲ.

ಊರಿಗೆ ಹೊರಟಾಗ ಏರ್‌ಪೋರ್ಟಿನಲ್ಲಿ ನಮ್ಮ ಪೆಟ್ಟಿಗೆ ತಕ್ಕಡಿ ಏರುತ್ತದೆ. ಕಂಬಳಿ, ಹಾಲಿನ ಪುಡಿ, ಸೋಪು, ಮಕ್ಕಳ ಆಟಿಕೆ ಸೇರಿ 34 ತೋರಿಸುತ್ತದೆ. ಒಟ್ಟು ತೂಕ ಟಿಕೆಟ್ಟಿನ ಮಿತಿಯೊಳಗಿದ್ದರೂ ಕೌಂಟರಿನವರು ಒಪ್ಪುವುದಿಲ್ಲ, ಒಂದೇ ಪೆಟ್ಟಿಗೆ 32 ದಾಟಬಾರದು ಎನ್ನುತ್ತಾರೆ. ಹಗ್ಗ ಬಿಚ್ಚಿ, ಸಾಲಿನ ಪಕ್ಕ ಕುಳಿತು, ಎರಡು ಕಿಲೋ ತೆಗೆದು ಇನ್ನೊಂದಕ್ಕೆ ತುಂಬುತ್ತೇವೆ, ಗೊಣಗುತ್ತೇವೆ. ಆ 32ರ ಮಿತಿ ವಿಮಾನಕ್ಕಾಗಿ ಇರುವುದಲ್ಲ. ಬೆಲ್ಟಿನ ಆಚೆ, ವಿಮಾನದ ಹೊಟ್ಟೆಯೊಳಗೆ ಮಂಡಿಯೂರಿ ಕುಳಿತು ಒಂದೊಂದೇ ಪೆಟ್ಟಿಗೆ ಎಳೆದು ಜೋಡಿಸುವ ಲೋಡರ್‌ನ ಬೆನ್ನಿಗಾಗಿ.